ಲ್ಯಾಬಿನ ನಳ್ಳಿಯಲ್ಲಿ ನೀರುಂಟಾ?

ಪುತ್ತೂರಿನಿಂದ ಮಾತಾಡ್ತಾ ಇದ್ದೇನೆ. ಹೊರಗೆ ಜೋರು ಮಳೆ, ನಡುವೆ ಶೀಟಿನ ಮೇಲೆ ನೀರು ಬೀಳುವ ಸದ್ದು ಕೇಳಿದರೆ ಸ್ವಲ್ಪ ಸುಧಾರಿಸಿಕೊಳ್ಳಿ. ಇವತ್ತಿನ ವಿಷಯ ಕೆಮಿಸ್ಟ್ರಿ ಲ್ಯಾಬ್. ನಾನು ಬಿ.ಕಾಂ. ಮಾಡಿದವ, ಎಸ್ಸೆಸ್ಸೆಲ್ಸಿ ನಂತರ ಲ್ಯಾಬಿನ ಬಾಗಿಲು ದಾಟಿದವನೇ ಅಲ್ಲ. "ನಿನಗ್ಯಾಕೆ ಮಾರಾಯ ಈ ಉಸಾಬರಿ" ಅಂತ ಕೇಳಬಹುದು. ಕಾರಣ ನನ್ನ ತಂಗಿ.

ಕಳೆದ ವರ್ಷ ಅವಳು ಪಿಯುಸಿ ಸೈನ್ಸ್. ಅವತ್ತು ಸಾಲ್ಟ್ ಅನಾಲಿಸಿಸ್ ಪ್ರಾಕ್ಟಿಕಲ್. ಸೈನ್ಸಿನವರಿಗೆ ಗೊತ್ತುಂಟು, ನೈಟ್ರೇಟ್ ಇದೆಯಾ ಅಂತ ನೋಡ್ಲಿಕ್ಕೆ ಬ್ರೌನ್ ರಿಂಗ್ ಟೆಸ್ಟ್ ಅಂತ ಉಂಟು. ಟೆಸ್ಟ್‌ಟ್ಯೂಬಿನ ಬದಿಯಿಂದ ಗಾಢ ಸಲ್ಫ್ಯೂರಿಕ್ ಆಸಿಡ್ ಮೆಲ್ಲ ಇಳಿಸಬೇಕು. ಇಳಿಸುವಾಗ ಯಾರದ್ದೋ ಮೊಣಕೈ ತಾಗಿತು. ಆಸಿಡ್ ಎಡಗೈ ಮೇಲೆ ಬಿತ್ತು, ಒಂದೆರಡು ಹನಿ ಕುತ್ತಿಗೆಗೂ ಸಿಡಿಯಿತು. "ನಳ್ಳಿ ಕೆಳಗೆ ಹಿಡಿ!" ಅಂತ ಲೆಕ್ಚರರ್ ಕೂಗಿದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನಳ್ಳಿ ತಿರುಗಿಸಿದರೆ ಗಾಳಿ ಮಾತ್ರ ಬಂತು. ಬೆಳಗ್ಗಿನಿಂದ ಕರೆಂಟಿರಲಿಲ್ಲ, ಟ್ಯಾಂಕ್ ಖಾಲಿ.

ಅವತ್ತು ಬುದ್ಧಿ ಓಡಿದ್ದು ಅಟೆಂಡರ್ ಅಕ್ಕನಿಗೆ. "ಎಲ್ಲರ ಬಾಟ್ಲಿ ತೆಗೀರಿ ಮಕ್ಕಳೇ" ಅಂದರಂತೆ. ಬ್ಯಾಗಿನಲ್ಲಿದ್ದ ಕುಡಿಯುವ ನೀರನ್ನು ಒಂದರ ಹಿಂದೊಂದು ಕೈ ಮೇಲೆ ಸುರಿಯುತ್ತಾ, ಮೆಟ್ಟಿಲಿಳಿಸಿ, ಬಾವಿಕಟ್ಟೆಗೆ ಕರೆದುಕೊಂಡು ಹೋದರು. ಇಬ್ಬರು ಹುಡುಗರು ನೀರು ಸೇದಿದರು, ಅಕ್ಕ ಸುರಿದರು. ತಂಗಿಯ ಕೈಯಲ್ಲಿ ಈಗ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಕಲೆ ಉಂಟು, ಅಷ್ಟೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಕಾಲೇಜಿನವರೆಲ್ಲ "ಅದು ನಮ್ಮದಲ್ಲ" ಅಂತ ನಿಶ್ಚಿಂತೆಯಿಂದ ಮಲಗುತ್ತಾರೆ.

ಆ ಬಾಟ್ಲಿಯ ಕ್ಷಣದಲ್ಲಿ ಇನ್ನೊಂದು ವಿಷಯ ನಡೆಯಿತು. ಒಬ್ಬ ಹುಡುಗ ತಡೆದನಂತೆ: "ಆಸಿಡಿಗೆ ನೀರು ಹಾಕಬಾರದು ಅಂತ ಪಾಠದಲ್ಲಿ ಉಂಟಲ್ಲ!" ಪಾಪ, ಓದುವ ಹುಡುಗ. ಆ ಪಾಠ ಬೀಕರಿಗೆ. ಗಾಢ ಸಲ್ಫ್ಯೂರಿಕ್ ಆಸಿಡಿಗೆ ಸ್ವಲ್ಪ ನೀರು ಬಿದ್ದರೆ ಬಿಸಿಯಾಗಿ ಕುದಿದು ಚಿಮ್ಮುತ್ತದೆ, ಅದಕ್ಕೇ ನೀರಿಗೆ ಆಸಿಡನ್ನು ಮೆಲ್ಲ ಹಾಕುವುದು. ಚರ್ಮದ ಮೇಲೆ ಬಿದ್ದಾಗ ಲೆಕ್ಕವೇ ಬೇರೆ. ಹರಿಯುವ ಧಾರಾಳ ನೀರು ಆಸಿಡನ್ನೂ, ಹುಟ್ಟುವ ಬಿಸಿಯನ್ನೂ ಒಟ್ಟಿಗೆ ಕೊಂಡುಹೋಗುತ್ತದೆ. ಒದ್ದೆ ಕರ್ಚೀಫಿನಲ್ಲಿ ಒರೆಸುವುದು ಬೇಡ.

ಎಷ್ಟು ಹೊತ್ತು? 20 ನಿಮಿಷ. ಕೇಳ್ಲಿಕ್ಕೆ ಸುಲಭ, ಮಾಡಿ ನೋಡಿ. ಈ ಎಪಿಸೋಡ್ ಪೂರ್ತಿ ಕೇಳಿದರೂ 20 ನಿಮಿಷ ಆಗುವುದಿಲ್ಲ. ಉರಿಯುವ ಕೈಯನ್ನು ಅಷ್ಟು ಹೊತ್ತು ನೀರಿನ ಕೆಳಗೆ ಹಿಡಿಯುವಾಗ ಮೂರನೇ ನಿಮಿಷಕ್ಕೆ "ಸಾಕು, ಈಗ ಕಡಿಮೆ ಆಯ್ತು" ಅನಿಸ್ತದೆ. ಅದಕ್ಕೆ ಪಕ್ಕದವರು ಫೋನಿನಲ್ಲಿ ಟೈಮರ್ ಇಡಿ. ವೀಡಿಯೊ ಆಮೇಲೂ ಬೇಡ. ಆಸಿಡ್ ತಾಗಿದ ಬಟ್ಟೆ, ವಾಚು, ಬಳೆ ತೆಗೆಯಬೇಕು. ಟಾಪನ್ನು ತಲೆಯ ಮೇಲಿಂದ ಎಳೆದರೆ ಮುಖಕ್ಕೆ ತಾಗ್ತದೆ, ಕತ್ತರಿಸಿಯೇ ತೆಗೆಯಿರಿ. ನಾಚಿಕೆಗೆ ಅಡ್ಡ ಹಿಡಿಯಲು ಗೆಳತಿಯರ ಶಾಲು ಉಂಟಲ್ಲ. ಕಣ್ಣಿಗಾದರೆ ರೆಪ್ಪೆಯನ್ನು ಬೆರಳಿನಲ್ಲಿ ಬಿಡಿಸಿ ಹಿಡಿದು, ಪೆಟ್ಟಾದ ಕಣ್ಣು ಕೆಳಗೆ ಬರುವ ಹಾಗೆ ತಲೆ ವಾಲಿಸಿ ನೀರು ಬಿಡಬೇಕು, ಇಲ್ಲದಿದ್ದರೆ ಒಂದು ಕಣ್ಣಿನದ್ದು ಇನ್ನೊಂದಕ್ಕೆ ಇಳಿಯುತ್ತದೆ. ಅಮೆರಿಕದ ಲ್ಯಾಬುಗಳು ಪಾಲಿಸುವ ಮಾನದಂಡ ಏನು ಗೊತ್ತುಂಟಾ? ಕಣ್ಣು ತೊಳೆಯುವ ಜಾಗಕ್ಕೆ 10 ಸೆಕೆಂಡಿನಲ್ಲಿ ತಲುಪುವಂತಿರಬೇಕು, ಅಲ್ಲಿ ಕನಿಷ್ಠ 15 ನಿಮಿಷ ನಿಲ್ಲದೆ ನೀರು ಬರಬೇಕು. ನಮ್ಮ ಬಾವಿಕಟ್ಟೆ ಎಷ್ಟು ಸೆಕೆಂಡ್ ದೂರ, ನೀವೇ ಹೇಳಿ.

ಸೋಡಾಪುಡಿ ಹಾಕಿ ಆಸಿಡನ್ನು "ಸಾಯಿಸುವುದು" ನೆಲದ ಮೇಲೆ ಚೆಲ್ಲಿದಾಗ ಸರಿ, ಮೈಮೇಲೆ ಅಲ್ಲ. ಆ ರಾಸಾಯನಿಕ ಕ್ರಿಯೆಯಲ್ಲೂ ಬಿಸಿ ಹುಟ್ಟುತ್ತದೆ. ತೆಂಗಿನೆಣ್ಣೆ, ಅರಸಿನ, ಟೂತ್‌ಪೇಸ್ಟ್ ಯಾವುದೂ ಬೇಡ. ಹಾಗೆಯೇ ಚೆಲ್ಲಿದ ನೈಟ್ರಿಕ್ ಆಸಿಡಿನ ಮೇಲೆ ಮರದ ಹುಡಿ ಹಾಕಬೇಡಿ, ಬೆಂಕಿ ಹತ್ತಬಹುದು. ಮರಳು ಹಾಕಿ. ಕಂದು ಬಣ್ಣದ ಹೊಗೆ ಎದ್ದರೆ ಯಾವುದನ್ನೂ ಒರೆಸುತ್ತಾ ನಿಲ್ಲದೆ ಎಲ್ಲರೂ ಹೊರಗೆ ಬನ್ನಿ. ಆ ನೈಟ್ರೋಜನ್ ಡಯಾಕ್ಸೈಡ್ ಕುಡಿದವರಿಗೆ ಆಗ ಕೆಮ್ಮು ಮಾತ್ರ ಇದ್ದು, ಕೆಲವು ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. "ಈಗ ಸರಿಯಾಯ್ತು" ಅಂತ ಹಾಸ್ಟೆಲಿಗೆ ಹೋಗಿ ಮಲಗುವ ಕೇಸಲ್ಲ ಅದು.

ದೊಡ್ಡ ಸಂಸ್ಥೆಗಳಲ್ಲಿ ಹೀಗಾಗುವುದಿಲ್ಲ ಅಂದ್ಕೊಳ್ಳಬೇಡಿ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲ್ಯಾಬಿನಲ್ಲಿ ಗ್ಯಾಸ್ ಸಿಲಿಂಡರ್ ಸ್ಫೋಟಗೊಂಡು ಒಬ್ಬರು ಸಂಶೋಧಕರು ತೀರಿಕೊಂಡರು, ಮೂವರಿಗೆ ಗಾಯವಾಯಿತು.

ಲ್ಯಾಬೇ ಬೇಕೆಂದೂ ಇಲ್ಲ. 2024ರ ಮಾರ್ಚ್ 4ರಂದು ಕಡಬದಲ್ಲಿ ಏನಾಯಿತು ಅಂತ ನಿಮಗೆಲ್ಲ ನೆನಪಿರ್ತದೆ. ಸರಕಾರಿ ಕಾಲೇಜಿನ ಆವರಣದಲ್ಲಿ, ಪಿಯು ಪರೀಕ್ಷೆಗೆ ಕೂರಬೇಕಿದ್ದ ಮೂವರು ಹೆಣ್ಣುಮಕ್ಕಳ ಮೇಲೆ ಒಬ್ಬ ಆಸಿಡ್ ಎರಚಿದ. ಅದು ಅಪಘಾತವಲ್ಲ, ಅಪರಾಧ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡ್ತಾ ಇಲ್ಲ. ಆದರೆ ಮೊದಲ ಹತ್ತಿಪ್ಪತ್ತು ನಿಮಿಷ ಎರಡರಲ್ಲೂ ಹತ್ತಿರ ನಿಂತವರ ಕೈಯಲ್ಲೇ ಇರ್ತದೆ. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಸುಳ್ಯದಿಂದ 80ಕ್ಕೂ ಜಾಸ್ತಿ. 108ಕ್ಕೆ ಒಬ್ಬರು ಫೋನ್ ಮಾಡ್ತಾ ಇರಲಿ, ಉಳಿದವರು ನೀರು ನಿಲ್ಲಿಸಬಾರದು. ಆಸಿಡ್ ದಾಳಿಗೆ ತುತ್ತಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು ಅಂತ ಕಾನೂನೇ ಉಂಟು. "ಮೊದಲು ಅಡ್ವಾನ್ಸ್ ಕಟ್ಟಿ" ಅಂದರೆ ಕೇಳಬೇಡಿ.

ಈಗ ಮನೆಗೆ ಬರ್ತೇನೆ. ಕೈಗೆ ಪಟ್ಟಿ ಕಟ್ಟಿಕೊಂಡು ಬಂದ ತಂಗಿ ಸೀದಾ ಹೋದದ್ದು ಹಿಂಬದಿಯ ರಬ್ಬರ್ ಶೆಡ್ಡಿಗೆ. ಹಾಲು ಹೆಪ್ಪುಗಟ್ಟಿಸಲು ಅಪ್ಪ ಇಟ್ಟ ಫಾರ್ಮಿಕ್ ಆಸಿಡ್ ಕ್ಯಾನ್ ಅಲ್ಲಿ ಇರ್ತದೆ. ಚಗಳಿ ಇರುವೆ ಕಚ್ಚಿ ಉರಿಯುವುದು ಇದೇ ಆಸಿಡಿನಿಂದ, ಕ್ಯಾನಿನಲ್ಲಿರುವುದು ಸಾಮಾನ್ಯವಾಗಿ ಶೇ. 85ರಷ್ಟು ಗಾಢ. ಪಕ್ಕದಲ್ಲಿ ಒಂದು ಹಳೇ ನೀರಿನ ಬಾಟ್ಲಿಯಲ್ಲಿ ಅರ್ಧ ಆಸಿಡ್. ಲೇಬಲ್ಲಿನಲ್ಲಿ "ಮಿನರಲ್ ವಾಟರ್". ಅವಳು ಬಾಟ್ಲಿಯನ್ನೇ ನೋಡ್ತಾ, "ಅಣ್ಣ, ಇದು ನಮ್ಮ ಲ್ಯಾಬಿಗಿಂತ ಕಷ್ಟ" ಅಂದಳು. ನೋಡಲು ನೀರಿನಂತೆಯೇ ಇರುವುದನ್ನು ಬಾಯಾರಿದವರು ಯಾರಾದರೂ ಎತ್ತಿ ಕುಡಿದರೆ? ಕೇರಳದ ರಬ್ಬರ್ ಸೀಮೆಯ ವೈದ್ಯರು ಫಾರ್ಮಿಕ್ ಆಸಿಡ್ ಹೊಟ್ಟೆಗೆ ಹೋದ ಕೇಸುಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಅಂಥವರನ್ನು ವಾಂತಿ ಮಾಡಿಸಬಾರದು, ಇಳಿಯುವಾಗ ಸುಟ್ಟದ್ದು ಹತ್ತುವಾಗ ಮತ್ತೊಮ್ಮೆ ಸುಡುತ್ತದೆ. ಸೀದಾ ಆಸ್ಪತ್ರೆಗೆ, ಕ್ಯಾನಿನ ಲೇಬಲ್ಲಿನ ಫೋಟೋ ತೆಗೆದುಕೊಂಡು.

ಆ ಹಾಲು ಗಟ್ಟಿಯಾಗುವುದನ್ನು ನೋಡಿದರೇ ಆಸಿಡ್ ಚರ್ಮಕ್ಕೆ ಏನು ಮಾಡ್ತದೆ ಅಂತ ಅರ್ಥವಾಗ್ತದೆ. ಪ್ರೋಟೀನನ್ನು ಹೆಪ್ಪುಗಟ್ಟಿಸಿ ಒಂದು ಪದರ ಮಾಡುತ್ತದೆ, ಆ ಪದರವೇ ಅದನ್ನು ಸ್ವಲ್ಪ ತಡೆಯುತ್ತದೆ. ಸುಣ್ಣ, ಕಾಸ್ಟಿಕ್ ಸೋಡಾ ಹಾಗಲ್ಲ. ಕೊಬ್ಬನ್ನು ಸಾಬೂನು ಮಾಡಿ ಕರಗಿಸುತ್ತಾ ಒಳಗೆ ಒಳಗೆ ಹೋಗುತ್ತದೆ. ಅಡಿಕೆಗೆ ಬೋರ್ಡೋ ಬಿಡುವ ಸಮಯದಲ್ಲಿ ನಾವು ಮೈಲುತುತ್ತಿಗೆ ಹೆದರುತ್ತೇವೆ, ಸುಣ್ಣವನ್ನು ಮಾತ್ರ ವೀಳ್ಯದೆಲೆಗೆ ಹಚ್ಚುವ ಸುಣ್ಣ ಅಂತ ಸಸಾರ ಮಾಡ್ತೇವೆ. ಕಣ್ಣಿಗೆ ಬಿದ್ದರೆ ಎಷ್ಟೋ ಸಲ ಆಸಿಡಿಗಿಂತ ಸುಣ್ಣವೇ ಕೆಟ್ಟದ್ದು. ಒಣ ಸುಣ್ಣದ ಹುಡಿ ಮೈಮೇಲೆ ಬಿದ್ದರೆ ಮೊದಲು ಒಣಗಿದ್ದಾಗಲೇ ಕೊಡವಿ, ಆಮೇಲೆ ಧಾರಾಳ ನೀರು. ನೀರೇ ಮೊದಲು ಅನ್ನುವ ನಿಯಮಕ್ಕೆ ಇದೊಂದು ಅಪವಾದ.

ಕಾಮರ್ಸಿನವನಾದ ನನ್ನ ಕಣ್ಣಿಗೆ ಬಿದ್ದದ್ದು ರಿಜಿಸ್ಟರ್. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆಸಿಡ್ ಮಾರುವವರು ಕೊಂಡವರ ಹೆಸರು, ವಿಳಾಸ, ಪ್ರಮಾಣ ಬರೆದಿಡಬೇಕು, 18 ವರ್ಷ ಆಗದವರಿಗೆ ಮಾರಬಾರದು ಅಂತ. ಒಳ್ಳೆಯದೇ. ತಂಗಿಯ ಲ್ಯಾಬಿನಲ್ಲೂ ಸ್ಟಾಕ್ ರಿಜಿಸ್ಟರ್ ಉಂಟು, ಎಷ್ಟು ಮಿಲಿಲೀಟರ್ ಬಂತು, ಎಷ್ಟು ಖರ್ಚಾಯ್ತು ಎಲ್ಲ ಲೆಕ್ಕ ಪಕ್ಕಾ. "ಇವತ್ತು ನಳ್ಳಿಯಲ್ಲಿ ನೀರು ಬಂತು" ಅಂತ ಬರೆಯುವ ಕಾಲಂ ಮಾತ್ರ ಇಲ್ಲ. ಅದಕ್ಕೆ ಪೈಸೆ ಖರ್ಚಿಲ್ಲ.

ನಮ್ಮ ಶೆಡ್ಡಿನಲ್ಲಿ ಈಗ ಬಾಗಿಲ ಪಕ್ಕವೇ ಒಂದು ಡ್ರಮ್ ನೀರು, ಕೆಳಗೆ ನಳ್ಳಿ, ಅದಕ್ಕೊಂದು ಪೈಪು. ಬಾಟ್ಲಿ ಹೋಯಿತು, ಕ್ಯಾನಿಗೆ ಬೀಗ ಬಂತು. ಅಪ್ಪ ಒಂದು ವಾರ "ಇಷ್ಟು ವರ್ಷ ನಮಗೇನೂ ಆಗಲಿಲ್ಲ" ಅಂತ ಗೊಣಗಿದರು. ಮೊನ್ನೆ ನೋಡಿದರೆ ಡ್ರಮ್ಮಿನ ನೀರು ಅವರೇ ಬದಲಿಸ್ತಾ ಇದ್ದರು, ಸೊಳ್ಳೆ ಆಗ್ತದಂತೆ.

ನಾಳೆ ನಿಮಗೆ ಪ್ರಾಕ್ಟಿಕಲ್ ಇದ್ದರೆ ಎಪ್ರನ್ ಹಾಕುವ ಮೊದಲು ಒಮ್ಮೆ ಆ ನಳ್ಳಿ ತಿರುಗಿಸಿ ನೋಡಿ. ನೀರು ಬಂತಾ ಇಲ್ವಾ ಅಂತ ನನಗೊಂದು ವಾಯ್ಸ್ ನೋಟ್ ಕಳಿಸಿ, ಕಾಲೇಜಿನ ಹೆಸರು ಬೇಡ, ಊರು ಸಾಕು.