ಪರೀಕ್ಷಾಭ್ಯಾಸಕ್ಕೊಂದು ಮೊಬೈಲ್ ಆ್ಯಪ್: ಅದು ಹೇಗಿರಬೇಕು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಸ್ಪರ್ಧಾ ಪರೀಕ್ಷೆಗಳಿಗೆ ಸಿದ್ಧರಾಗಲು ಒಂದು ಮೊಬೈಲ್ ಆ್ಯಪನ್ನು ರೂಪಿಸುವುದಾದರೆ ಅದು ಹೇಗಿರಬೇಕೆಂಬ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇವೆ.

ಮೊದಲು ಇದರ ಅವಶ್ಯಕತೆಯನ್ನು ವಿಚಾರ ಮಾಡೋಣ. ಎಂಟನೆಯ ತರಗತಿಯವರಿಗೆ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನದ ಪರೀಕ್ಷೆಯುಂಟು. ಬುದ್ಧಿಶಕ್ತಿಯನ್ನು ಕುರಿತು 90, ಪಾಠವಿಷಯಗಳನ್ನು ಕುರಿತು 90 ಪ್ರಶ್ನೆಗಳು. ವಾರ್ಷಿಕ ಆದಾಯವು 3,50,000 ರೂಪಾಯಿಗಳನ್ನು ಮೀರದ ಕುಟುಂಬಗಳ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಇದು ಮೀಸಲು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ಒಟ್ಟು 48,000 ರೂಪಾಯಿ ದೊರೆಯುತ್ತದೆ. ಕೂಲಿನಾಲಿಯಿಂದ ಜೀವಿಸುವ ಮನೆಗೆ ಇದು ಅಲ್ಪವಾದ ಮೊತ್ತವಲ್ಲ. ಎಷ್ಟೋ ಮಕ್ಕಳ ಓದು ನಿಲ್ಲದಂತೆ ಕಾಯಬಲ್ಲ ಮೊತ್ತ.

ಮುಂದೆ ವೈದ್ಯಕೀಯ ಪ್ರವೇಶಕ್ಕಾಗಿ ನೀಟ್ ಪರೀಕ್ಷೆ. 2017ರಿಂದ ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತಿರುವುದು ಸಂತೋಷದ ಸಂಗತಿ. ಆದರೆ 2024ರ ಮಾಹಿತಿ ಪುಸ್ತಿಕೆಯ ಪ್ರಕಾರ ಕನ್ನಡದ ಪತ್ರಿಕೆಯು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ಲಭ್ಯ. ನಮ್ಮ ಮಗು ಅದನ್ನು ಬಯಸಿದರೆ ಗಡಿ ದಾಟಿ ತುಮಕೂರಿಗೋ ಬಳ್ಳಾರಿಗೋ ಬೆಂಗಳೂರಿಗೋ ಹೋಗಬೇಕು. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮವೆಂಬ ನಿಯಮವೂ ಉಂಟು. ಅಭ್ಯಾಸದ ಸಾಧನಗಳೂ ಮೊದಲು ಅನ್ಯಭಾಷೆಗಳಲ್ಲಿಯೇ ಬರುತ್ತವೆ. 2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಹೊರತಂದ 'ನ್ಯಾಷನಲ್ ಟೆಸ್ಟ್ ಅಭ್ಯಾಸ್' ಆ್ಯಪ್ ಮೊದಲು ಇಂಗ್ಲಿಷಿನಲ್ಲಿ, ಬಳಿಕ ಹಿಂದಿಯಲ್ಲಿ ಬಂದಿತು.

ಆದುದರಿಂದ ನಮ್ಮ ಆ್ಯಪಿನ ಮೊದಲ ಲಕ್ಷಣ ಭಾಷೆಗೆ ಸಂಬಂಧಿಸಿದುದು. ಹಸಿರು ಗಿಡವು ಬಿಸಿಲಿನಲ್ಲಿ ಆಹಾರ ತಯಾರಿಸುವ ಕ್ರಿಯೆಯನ್ನು ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ಎನ್ನುತ್ತೇವೆ, ತೆಲುಗಿನವರು ಕಿರಣಜನ್ಯ ಸಂಯೋಗಕ್ರಿಯೆ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್. ನಮ್ಮ ವೇಗೋತ್ಕರ್ಷ ತೆಲುಗಿನಲ್ಲಿ ತ್ವರಣ, ಇಂಗ್ಲಿಷಿನಲ್ಲಿ ಆಕ್ಸಿಲರೇಷನ್. ವಿಷಯವನ್ನು ಚೆನ್ನಾಗಿ ತಿಳಿದ ಮಗುವೂ ಹೊಸ ಹೆಸರಿನ ಮುಂದೆ ಕಕ್ಕಾಬಿಕ್ಕಿಯಾಗುತ್ತದೆ; ತನಗೆ ಬುದ್ಧಿ ಸಾಲದೆಂದು ತಪ್ಪಾಗಿ ಭಾವಿಸುತ್ತದೆ. ಪ್ರಶ್ನೆಯು ಕನ್ನಡದಲ್ಲಿರಲಿ, ಪಾರಿಭಾಷಿಕ ಪದದ ಮೇಲೆ ಬೆರಳಿಟ್ಟರೆ ಉಳಿದೆರಡು ಹೆಸರುಗಳೂ ಕಾಣಿಸಲಿ. ಅಕ್ಷರಗಳು ಯೂನಿಕೋಡ್ ಕ್ರಮದಲ್ಲಿದ್ದರೆ ಇಂದಿನ ಫೋನುಗಳಲ್ಲಿ ಸಾಮಾನ್ಯವಾಗಿ ಕೆಡವು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಅಂತರವಿರುವುದೂ ಅವಶ್ಯಕ.

ಎರಡನೆಯದು ಕಲಿಕೆಯ ಕ್ರಮ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಎಂಬುವರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪಾಠವೊಂದನ್ನು ಕೆಲವರು ಪುನಃ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಪುನಃ ಓದಿದವರೇ ಮುಂದಿದ್ದರು. ಒಂದು ವಾರದ ನಂತರವಾದರೋ, ಓದಿದವರಿಗೆ ಶೇಕಡಾ 42ರಷ್ಟು, ನೆನೆದು ಬರೆದವರಿಗೆ ಶೇಕಡಾ 56ರಷ್ಟು ಪಾಠ ನೆನಪಿನಲ್ಲಿತ್ತು. ಆದುದರಿಂದ ಆ್ಯಪ್ ಪಾಠವನ್ನು ಉಣಬಡಿಸದೆ ಪ್ರಶ್ನೆಯನ್ನು ಕೇಳಬೇಕು. ತಪ್ಪಿದ ಪ್ರಶ್ನೆಯನ್ನು ಮೂರು ದಿನಗಳ ಮೇಲೊಮ್ಮೆ, ವಾರದ ಮೇಲೊಮ್ಮೆ ಮರಳಿ ಕೇಳಬೇಕು. ಸರಿಯೋ ತಪ್ಪೋ ಎಂದು ಹೇಳಿದರೆ ಸಾಲದು. ಏಕೆಂಬುದನ್ನು ಎರಡು ವಾಕ್ಯಗಳಲ್ಲಿ ತಿಳಿಸಬೇಕು.

ಉತ್ತರ ಕೊಡುವಾಗ 'ಖಚಿತ', 'ಸಂದೇಹ', 'ಊಹೆ' ಎಂದು ಗುರುತಿಸುವ ಅವಕಾಶವೂ ಇರಲಿ. ನೀಟಿನಲ್ಲಿ ಸರಿಯುತ್ತರಕ್ಕೆ 4 ಅಂಕ ಬರುತ್ತದೆ, ತಪ್ಪಿಗೆ 1 ಅಂಕ ಕಳೆಯುತ್ತದೆ. ಊಹೆ ಫಲಿಸಿದುದನ್ನೇ ಜ್ಞಾನವೆಂದು ತಿಳಿಯುವ ಅಪಾಯ ಇದರಿಂದ ತಪ್ಪುತ್ತದೆ.

ಮೂರನೆಯದು ನಮ್ಮ ಮನೆಗಳ ಸ್ಥಿತಿ. ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು; ಅದು ತಂದೆಯೊಡನೆ ಹೊಲಕ್ಕೋ ಕೆಲಸಕ್ಕೋ ಹೋಗಿ ಸಂಜೆ ಮರಳುತ್ತದೆ. ಆದುದರಿಂದ ವಾರದ ಪ್ರಶ್ನೆಗಳನ್ನು ಒಮ್ಮೆ ಇಳಿಸಿಕೊಂಡರೆ ಬಳಿಕ ಇಂಟರ್‌ನೆಟ್ ಇಲ್ಲದೆಯೂ ಅಭ್ಯಾಸ ನಡೆಯಬೇಕು. ಅಣ್ಣನಿಗೂ ತಂಗಿಗೂ ಬೇರೆ ಬೇರೆ ಲೆಕ್ಕವಿರಬೇಕು. ಇಪ್ಪತ್ತು ನಿಮಿಷಗಳಲ್ಲಿ ಒಂದು ಪಾಠ ಮುಗಿಯಬೇಕು. ಜಾಹೀರಾತು ಕೂಡದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಡೆಯವನನ್ನು ನಾಚಿಸುವ ಪಟ್ಟಿಯೂ ಕೂಡದು.

ಪೋಷಕರೇ, ಸಂಜೆ ಇಪ್ಪತ್ತು ನಿಮಿಷ ಫೋನನ್ನು ಮಗುವಿನ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿರಿ. ಓದುಬರಹ ಬಾರದ ತಾಯಿಯೂ 'ಈ ಉತ್ತರ ಏಕೆ ಸರಿ, ನನಗೆ ಹೇಳು ಮಗು' ಎಂದು ಕೇಳಬಹುದು. ಅದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಅಧ್ಯಾಪಕ ಬಂಧುಗಳು ತಲಾ ಹತ್ತು ಪ್ರಶ್ನೆಗಳನ್ನು ಬರೆಯಲಿ. ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಲಿ. ವಿದ್ಯಾರ್ಥಿಗಳೇ, ಯಂತ್ರವು ಗುರುವಲ್ಲ, ಗರಡಿಯ ಗದೆಯಂತೆ ಒಂದು ಸಾಧನ. ಎತ್ತಿದವನ ತೋಳಿಗೆ ಮಾತ್ರ ಬಲ.

ಗಡಿಯ ರೇಖೆಯು ನಕ್ಷೆಯಲ್ಲಿರಲಿ; ನಮ್ಮ ಮಕ್ಕಳ ಮುನ್ನಡೆಗೆ ಅದು ಅಡ್ಡಗೋಡೆಯಾಗದಿರಲಿ ಎಂದು ಹಾರೈಸುತ್ತೇವೆ.