ಬೇಸಗೆಯ ಅಪಾಯಗಳು: ಕೆಲಸದಲ್ಲೂ ಆಟದಲ್ಲೂ ಎಚ್ಚರವಿರಲಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪರೀಕ್ಷೆ ಮುಗಿದು ರಜೆ ಬಂದರೆ ಮಕ್ಕಳಿಗೆ ಸಂಭ್ರಮ. ಕೆಲವರು ಹೊಳೆಗೆ ಈಜಲು ಹೋಗುತ್ತಾರೆ, ಕೆಲವರು ಮಾವಿನ ಮರ ಹತ್ತುತ್ತಾರೆ. ಮುಂದಿನ ವರ್ಷದ ಶುಲ್ಕಕ್ಕೆಂದು ಕಟ್ಟಡ ಕೆಲಸಕ್ಕೋ ಅಡುಗೆ ಕೆಲಸಕ್ಕೋ ಹೋಗುವವರೂ ನಮ್ಮ ನಡುವೆ ಇದ್ದಾರೆ. ಓದಿಸಲೆಂದು ನಾವೆಲ್ಲ ಇಷ್ಟು ಶ್ರಮಪಡುತ್ತೇವೆ. ಆ ಮಗು ಜೂನ್ ತಿಂಗಳಲ್ಲಿ ತರಗತಿಗೆ ಕ್ಷೇಮವಾಗಿ ಮರಳುವಂತೆ ನೋಡಿಕೊಳ್ಳುವುದೂ ನಮ್ಮದೇ ಹೊಣೆ. ಆದ್ದರಿಂದ ಇಂದು ಮೂರು ಅಪಾಯಗಳ ಬಗ್ಗೆ ಹೇಳಬಯಸುತ್ತೇನೆ: ಬಿಸಿಲು, ನೀರು ಮತ್ತು ವಿದ್ಯುತ್.

ಮೊದಲನೆಯದು ಬಿಸಿಲು. ಬೆವರು ಆರಿದಾಗ ಮಾತ್ರ ದೇಹ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ. ಆದ್ದರಿಂದ ಕಲಬುರಗಿ, ರಾಯಚೂರಿನಷ್ಟು ಉಷ್ಣಾಂಶ ಇಲ್ಲಿಲ್ಲವೆಂದು ಧೈರ್ಯದಿಂದಿರುವುದು ಸರಿಯಲ್ಲ. ತಲೆನೋವು, ತಲೆಸುತ್ತು, ವಾಂತಿ, ಕಾಲಿನ ಸೆಳೆತ ಕಂಡ ಕೂಡಲೇ ಕೆಲಸ ನಿಲ್ಲಿಸಿ ನೆರಳಿಗೆ ಬರಬೇಕು, ನೀರು ಅಥವಾ ಓ.ಆರ್.ಎಸ್. ಕುಡಿಯಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು.

ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮೈ ಒಣಗಿದ್ದರೆ ಮಾತ್ರ ಶಾಖಾಘಾತ ಎಂಬ ನಂಬಿಕೆ ತಪ್ಪು. ದುಡಿಯುವವನ ಮೈ ಬೆವರುತ್ತಿರುವಾಗಲೂ ಅದು ಬರಬಹುದು. 108ಕ್ಕೆ ಕರೆಮಾಡಿ, ಆದರೆ ಆಂಬುಲೆನ್ಸ್ ಬರಲೆಂದು ಕೈಕಟ್ಟಿ ಕಾಯಬೇಡಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಕುತ್ತಿಗೆ, ಕಂಕುಳಲ್ಲಿ ಮಂಜುಗಡ್ಡೆ ಇಡಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಯಿಂದ ಈ ಶಾಖ ಇಳಿಯುವುದಿಲ್ಲ.

ಹೊಸದಾಗಿ ಕೆಲಸಕ್ಕೆ ಬಂದವನಿಗೆ ಅಪಾಯ ಹೆಚ್ಚು. ದೇಹ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನ ಮಾಮೂಲು ಕೆಲಸದ ಐದರಲ್ಲಿ ಒಂದು ಪಾಲು ಮಾತ್ರ ಬಿಸಿಲಲ್ಲಿ ಮಾಡಿಸಿ ದಿನದಿಂದ ದಿನಕ್ಕೆ ಹೆಚ್ಚಿಸಬೇಕೆಂದು ತಜ್ಞರು ಹೇಳುತ್ತಾರೆ. ರಜೆಯಲ್ಲಿ ಮೊದಲ ಬಾರಿಗೆ ಕಲ್ಲು ಹೊರಲು ಹೋಗುವ ವಿದ್ಯಾರ್ಥಿ ಇದನ್ನು ನೆನಪಿಡಲಿ.

ನಮ್ಮ ಮನೆಗಳಿಂದ ಅನೇಕರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಯು.ಎ.ಇ.ಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು ಅವರಿಗೆ ಗೊತ್ತು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಬಹಳ ಜನ ಬಲಿಯಾದ ಮೇಲೆ, 2013ರಲ್ಲಿ ಅಲ್ಲಿನ ನಗರಾಡಳಿತ ಬಿಸಿಲು ನಿಭಾಯಿಸುವ ಯೋಜನೆಯನ್ನೇ ರೂಪಿಸಿತು. ನಮ್ಮಲ್ಲಿ ಗುತ್ತಿಗೆದಾರರಿದ್ದಾರೆ, ಅಂಗಡಿ, ತೋಟಗಳ ಮಾಲಕರಿದ್ದಾರೆ. ಅವರಲ್ಲಿ ನನ್ನ ವಿನಂತಿ: ಬೇಸಗೆಯಲ್ಲಿ ಕೆಲಸವನ್ನು ಬೆಳಗ್ಗೆ ಬೇಗ ಆರಂಭಿಸಿ, ನಡು ಮಧ್ಯಾಹ್ನ ಬಿಡುವು ಕೊಡಿ, ಅದಕ್ಕಾಗಿ ಕೂಲಿ ಕಡಿತ ಮಾಡಬೇಡಿ. ಕೂಲಿ ಹೋಗುತ್ತದೆಂಬ ಭಯವಿದ್ದರೆ ತಲೆಸುತ್ತು ಬಂದವನೂ ಬಾಯಿಬಿಡುವುದಿಲ್ಲ.

ಎರಡನೆಯದು ನೀರು. ಬೇಸಗೆಯಲ್ಲಿ ಹೊಳೆ ಬತ್ತಿದಂತೆ ಕಾಣುತ್ತದೆ, ಆದರೆ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತವನು ಮುಂದಿನ ಹೆಜ್ಜೆಗೆ ಆಳಕ್ಕೆ ಜಾರುತ್ತಾನೆ. ಕೆಂಪುಕಲ್ಲಿನ ಹಳೆಯ ಕೋರೆಗಳ ಅಂಚು ಕಡಿದಾಗಿರುವುದರಿಂದ ಈಜು ಬಲ್ಲವನಿಗೂ ಹತ್ತಿ ಬರುವುದು ಕಷ್ಟ. ಮುಳುಗುವವನು ಕೂಗಿಕೊಳ್ಳುತ್ತಾನೆಂದು ನಾವು ತಿಳಿದಿದ್ದೇವೆ. ಉಸಿರಿಗೇ ಒದ್ದಾಡುವವನಿಗೆ ಕೂಗಲು ಶಕ್ತಿ ಎಲ್ಲಿಯದು? ಹೆಚ್ಚಿನ ಸಲ ಸದ್ದಿಲ್ಲದೆ ಮುಳುಗುತ್ತಾನೆ.

ಒಬ್ಬನನ್ನು ಉಳಿಸಲು ಹಾರಿ ಇಬ್ಬರು, ಮೂವರು ಸಾಯುವ ಸುದ್ದಿ ಪ್ರತಿ ಬೇಸಗೆಯಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ಮಕ್ಕಳೇ, ಗೆಳೆಯ ಮುಳುಗುತ್ತಿದ್ದರೆ ನೀರಿಗೆ ಹಾರಬೇಡಿ. ದೊಡ್ಡವರನ್ನು ಕೂಗಿ ಕರೆಯಿರಿ. ದಡದಲ್ಲಿ ನಿಂತು ಹಗ್ಗ, ಉದ್ದ ಕೋಲು, ಲುಂಗಿ ಚಾಚಿ. ಮುಚ್ಚಳ ಬಿಗಿಯಾಗಿ ಹಾಕಿದ ಖಾಲಿ ಕ್ಯಾನ್ ಎಸೆದರೂ ಅವನು ಹಿಡಿದು ತೇಲಬಹುದು. ಮೇಲೆತ್ತಿದ ಮೇಲೆ ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ಉಸಿರಾಟ ನಿಂತಿದ್ದರೆ ಬಾಯಿಯಿಂದ ಬಾಯಿಗೆ ಉಸಿರು ಕೊಟ್ಟು, ಎದೆಯ ನಡುವೆ 30 ಸಲ ಒತ್ತಿ, ಮತ್ತೆ 2 ಸಲ ಉಸಿರು ಕೊಡಬೇಕು. ಆಂಬುಲೆನ್ಸ್ ಬರುವವರೆಗೆ ಇದನ್ನು ನಿಲ್ಲಿಸಬಾರದು.

ಮೂರನೆಯದು ವಿದ್ಯುತ್. ಮಾವು, ತೆಂಗು, ಅಡಿಕೆ ಕೊಯ್ಯಲು ಕಬ್ಬಿಣ, ಅಲ್ಯೂಮಿನಿಯಂ ದೋಟಿ ಮತ್ತು ಏಣಿ ಬಳಸುತ್ತೇವೆ. ಕಣ್ಣು ಹಣ್ಣಿನ ಮೇಲಿರುತ್ತದೆ, ತಂತಿಯ ಮೇಲಿರುವುದಿಲ್ಲ. ಕೆಲಸ ಶುರುಮಾಡುವ ಮೊದಲು ಒಮ್ಮೆ ಮೇಲೆ ನೋಡಿ. ಹತ್ತಿರ ತಂತಿ ಹಾದುಹೋಗಿದ್ದರೆ ಆ ಗೊಂಚಲನ್ನು ಅಲ್ಲಿಗೇ ಬಿಡಿ. ತಂತಿಗೆ ಸಿಕ್ಕಿದ ಗಾಳಿಪಟವನ್ನೂ ತೆಗೆಯಲು ಹೋಗಬೇಡಿ. ಆಘಾತವಾದವನನ್ನು ಕೈಯಿಂದ ಮುಟ್ಟದೆ ಮೊದಲು ಮೈನ್ ಸ್ವಿಚ್ ಆರಿಸಿ. ಹೊರಗಿನ ಲೈನ್ ಆದರೆ ದೂರ ನಿಂತು 1912ಕ್ಕೆ ಕರೆಮಾಡಿ ವಿದ್ಯುತ್ ಕಡಿತ ಮಾಡಿಸಿ.

ಕೊನೆಯದಾಗಿ ಎರಡು ಸಲಹೆಗಳು. ಪ್ರತಿ ರಜೆಯ ಮೊದಲ ವಾರ ಸಂಘದಿಂದ ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ, ಬಲ್ಲವರ ನಿಗಾದಲ್ಲಿ ಈಜು ಕಲಿಸುವ ಏರ್ಪಾಡನ್ನೂ ಮಾಡೋಣ. ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಅವಕಾಶವಿರಲಿ. ಊರಿನ ಅಪಾಯದ ಗುಂಡಿ, ಕೋರೆಗಳ ಬಳಿ ಫಲಕ ಹಾಕಿ, ಒಂದು ಹಗ್ಗ ಕಟ್ಟಿಡೋಣ. ಇದಕ್ಕೆ ದೊಡ್ಡ ಖರ್ಚಿಲ್ಲ. ಅಂಕಪಟ್ಟಿ ಪಡೆಯಲು ಮಗು ಇರಬೇಕಲ್ಲವೇ?