ಏಳು ನಿಮಿಷದ ಗಡಿಯಾರ ಮತ್ತು ಅಪ್ಪನ ಕಿರಾಣಿ ಅಂಗಡಿ

(ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ ಇದು. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀನಿ.)

ನಾನು ಹೈದರಾಬಾದಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಊರು ರಾಣೇಬೆನ್ನೂರು. ಕೆಲಸ ಏನು ಅಂತ ಕೇಳಿದ್ರೆ "ಐಟಿ" ಅಂತ ಹೇಳಿ ಮುಗಿಸ್ತೀನಿ. ಇವತ್ತು ಮಾತ್ರ ಅಷ್ಟಕ್ಕೇ ಮುಗಿಸೋ ಹಾಗಿಲ್ಲ, ಯಾಕಂದ್ರೆ ಹೇಳಬೇಕಾಗಿರೋದು ಆ ಕೆಲಸದ ಬಗ್ಗೆನೇ. ನೀವು ಆ್ಯಪ್‌ನಲ್ಲಿ ಏನೋ ಒಂದು ವಸ್ತು ನೋಡ್ತಾ ಇರ್ತೀರಿ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಗಡಿಯಾರ ಒಂದು ಹಿಂದಕ್ಕೆ ಓಡ್ತಾ ಇರುತ್ತೆ, "ಈ ಬೆಲೆ ಇನ್ನು ಏಳು ನಿಮಿಷ ಮಾತ್ರ" ಅಂತ. ಅಂಥದ್ದನ್ನ ಕಟ್ಟೋ ಟೀಮಿನಲ್ಲಿ ನಾನಿದ್ದೆ. ಕಂಪನಿ ಹೆಸರು ಬೇಡ. ಎಲ್ಲಾ ಕಡೆ ಇರೋದೇ.

ಹೋದ ವರ್ಷ ಒಂದು ರಾತ್ರಿ ಅಪ್ಪ ಫೋನ್ ಮಾಡಿದ್ರು. ಅಮ್ಮನಿಗೆ ಮೊಣಕಾಲು ನೋವು. ಅದಕ್ಕೆ ಕಾಲಿಗೆ ಮಸಾಜ್ ಮಾಡೋ ಮಷಿನ್ ಒಂದನ್ನ ಆನ್‌ಲೈನ್‌ನಲ್ಲಿ ತರಿಸಿದ್ದಾರೆ, ಏಳು ಸಾವಿರದ ಹತ್ತಿರ. ನಮ್ಮ ಆ್ಯಪ್ ಅಲ್ಲ, ಬೇರೆ ಯಾವುದೋ. ಮಷಿನ್ ಬಂದಿದೆ, ಅಮ್ಮನ ಕಾಲು ಅದರೊಳಗೆ ಹಿಡಿಸ್ತಾನೇ ಇಲ್ಲ. ವಾಪಸ್ ತಗೊಳಲ್ವಂತೆ. ನಾನು ಕೇಳಿದೆ, "ಅಲ್ಲಪ್ಪಾ, ಒಂದು ಮಾತು ನನಗೆ ಕೇಳಬಾರದಿತ್ತಾ?"

ಅಪ್ಪ ಹೇಳಿದ್ರು: "ಕೇಳೋಣು ಅಂತಿದ್ನೋ ತಮ್ಮಾ. ಆದ್ರ ಇನ್ನ ಏಳ ನಿಮಿಷ ಅಷ್ಟ ಐತಿ ಅಂತ ತೋರ್ಸಾಕತ್ತಿತ್ತು. ನೀ ಮೀಟಿಂಗ್‌ನ್ಯಾಗ ಇರ್ತಿ. ಹೋಗಿಬಿಡ್ತೈತಿ ಅಂತ ರೊಕ್ಕ ಹಾಕಿಬಿಟ್ಟೆ."

ಇದನ್ನ ಹೇಳಿದ ಮನುಷ್ಯ ಮೂವತ್ತೈದು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಸೇಲ್ಸ್‌ಮನ್ ಗಲ್ಲಾದ ಮುಂದೆ ನಿಂತು "ಸ್ಕೀಮು ಇವತ್ತೇ ಲಾಸ್ಟು ಸರ್" ಅಂದ್ರೆ, "ಹಂಗಾರ ನಾಳೆ ಬಾ" ಅಂತ ಕಳಿಸ್ತಿದ್ದವರು. ಅವರೇ ಒಂದು ಕೆಂಪು ಗಡಿಯಾರಕ್ಕೆ ಸೋತ್ರು. ಇದು ಹೇಗಾಯ್ತು ಅಂತ ಯೋಚನೆ ಮಾಡ್ತಾ ಮಾಡ್ತಾ ನಾನು ಆ ಅಂಗಡಿಗೇ ವಾಪಸ್ ಹೋಗಬೇಕಾಯ್ತು. ನೀವೂ ಬನ್ನಿ.

ಎಂಬತ್ತರ ದಶಕದ ಕೊನೆ. ನಾನು ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಬಟ್ಟೆ ಒಗೆಯೋ ಪುಡಿ ಅಂದ್ರೆ ನಮ್ಮ ಅಂಗಡಿಯಲ್ಲಿ ನಿರ್ಮಾ. ಹಳದಿ ಪುಡಿ, ಪ್ಯಾಕೆಟ್ ಮೇಲೆ ಬಿಳಿ ಫ್ರಾಕಿನ ಹುಡುಗಿ. ಗುಜರಾತಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಕೆಮಿಸ್ಟ್ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಮನೆಯಲ್ಲೇ ಪುಡಿ ಮಾಡಿ, ಸೈಕಲ್ ಮೇಲೆ ಮನೆಮನೆಗೆ ಮಾರೋಕೆ ಶುರು ಮಾಡಿದ್ದು. ಆಗ ಸರ್ಫ್ ಬೆಲೆ ಅದರ ಮೂರು ನಾಲ್ಕು ಪಟ್ಟು. ಸರ್ಫ್ ಸಾಹೇಬರ ಮನೆಯ ವಸ್ತು, ಉಳಿದವರಿಗೆ ಬಾರ್ ಸೋಪು. ಪಟೇಲ್ ನಡುವೆ ಇದ್ದ ಆ ಖಾಲಿ ಜಾಗಕ್ಕೆ ಬಂದ್ರು. ಆಮೇಲೆ ರೇಡಿಯೋ, ಟಿವಿಯಲ್ಲಿ ಆ ಹಾಡು. ಹಿಂದಿ ಒಂದಕ್ಷರ ಬಾರದ ನಮ್ಮೋಣಿ ಹುಡುಗರೆಲ್ಲ ಅದನ್ನ ಬಾಯಿಪಾಠ ಹಾಡ್ತಿದ್ವಿ. ಗಿರಾಕಿಗಳು ಬೇರೆ ಕಂಪನಿ ಪುಡಿ ಒಯ್ಯೋವಾಗಲೂ "ಒಂದ್ ನಿರ್ಮಾ ಕೊಡ್ರಿ" ಅಂತಲೇ ಕೇಳ್ತಿದ್ರು.

ಇಲ್ಲಿ ಸ್ವಲ್ಪ ಪುಸ್ತಕದ ಮಾತು. ಒಂದು ವಸ್ತುವಿನ ಬಗ್ಗೆ ನಮ್ಮ ಧೋರಣೆಯಲ್ಲಿ ಮೂರು ಎಳೆ ಇರುತ್ತೆ ಅಂತಾರೆ. ಅದರ ಬಗ್ಗೆ ನಮಗೇನು ಗೊತ್ತು, ಅದರ ಬಗ್ಗೆ ಏನು ಅನಿಸುತ್ತೆ, ಅದನ್ನ ಕೊಳ್ಳೋ ವಿಷಯದಲ್ಲಿ ಏನು ಮಾಡ್ತೀವಿ. ನಾವೆಲ್ಲ ಅಂದ್ಕೊಂಡಿರೋದು ಈ ಮೂರೂ ಇದೇ ಕ್ರಮದಲ್ಲಿ ಬರುತ್ತೆ ಅಂತ: ಮೊದಲು ತಿಳ್ಕೊಳ್ತೀವಿ, ಆಮೇಲೆ ಇಷ್ಟ ಆಗುತ್ತೆ, ಆಮೇಲೆ ಕೊಳ್ತೀವಿ. ಇಂಜಿನಿಯರುಗಳಿಗೆ ಈ ಫ್ಲೋಚಾರ್ಟ್ ಬಹಳ ಹಿಡಿಸುತ್ತೆ. ಆದ್ರೆ ಜಾಹೀರಾತು ಮಾಡೋರು ಎಲ್ಲಿಂದ ಬೇಕಾದ್ರೂ ಒಳಗೆ ಬರ್ತಾರೆ. ರಾಬರ್ಟ್ ಝಯಾಂಕ್ ಅನ್ನೋ ಮನಶ್ಶಾಸ್ತ್ರಜ್ಞರು 1968ರಲ್ಲಿ ಬರೆದ ಲೇಖನ ಒಂದಿದೆ. ಅರ್ಥವೇ ಇಲ್ಲದ ಪದಗಳು, ಗೊತ್ತಿಲ್ಲದ ಲಿಪಿಯ ಅಕ್ಷರಗಳು, ಇವನ್ನೇ ಮತ್ತೆ ಮತ್ತೆ ತೋರಿಸಿದ್ರೆ ಸಾಕು, ಜನ ಅವುಗಳನ್ನ ಹೆಚ್ಚು ಮೆಚ್ಚೋಕೆ ಶುರು ಮಾಡ್ತಾರೆ. ಕಾರಣ ಕೊಡಬೇಕಾಗಿಲ್ಲ, ಪರಿಚಯವೇ ಸಾಕು. ಅರ್ಥ ಗೊತ್ತಿಲ್ಲದ ಹಿಂದಿ ಹಾಡು ಹಾಡ್ತಿದ್ದ ನಮ್ಮೋಣಿ ಹುಡುಗರು ಆ ಪ್ರಯೋಗದಲ್ಲೇ ಇದ್ದ ಹಾಗಿತ್ತು.

ಸರ್ಫ್‌ನವರು ಬೆಲೆ ಇಳಿಸಿ ನಿರ್ಮಾ ಜೊತೆ ಗುದ್ದಾಡಲಿಲ್ಲ. ಲಲಿತಾಜಿ ಬಂದ್ರು. ನಲವತ್ತು ದಾಟಿದವರಿಗೆ ನೆನಪಿರುತ್ತೆ: ಹತ್ತಿಯ ಸೀರೆ, ಗಂಟು ಮುಖ, ತರಕಾರಿಯವನ ಹತ್ರ ಕಟ್ಟುನಿಟ್ಟಾಗಿ ಚೌಕಾಸಿ. ಮಾಡಿಸಿದ್ದು ಲಿಂಟಾಸ್ ಏಜೆನ್ಸಿಯ ಅಲೀಕ್ ಪದಂಸೀ, ನಟಿಸಿದ್ದು ಕವಿತಾ ಚೌಧರಿ. ದೂರದರ್ಶನದಲ್ಲಿ 'ಉಡಾನ್' ಧಾರಾವಾಹಿ ಮಾಡಿದ್ರಲ್ಲ, ಅವರೇ. ಪೈಸೆ ಪೈಸೆಗೂ ಚೌಕಾಸಿ ಮಾಡ್ತಿದ್ದ ತಮ್ಮ ತಾಯಿಯನ್ನ ನೋಡಿಯೇ ಆ ಪಾತ್ರ ಹೊಳೆದದ್ದು ಅಂತ ಪದಂಸೀ ಹೇಳ್ಕೊಂಡಿದ್ದಾರೆ.

ಆ ಜಾಹೀರಾತಿನ ಜಾಣತನ ನನಗೆ ಇವತ್ತಿಗೂ ಆಶ್ಚರ್ಯ. ಅರ್ಧ ಕಿಲೋ ಸರ್ಫ್ ಅಂದ್ರೆ ಬೇರೆ ಪುಡಿ ಒಂದು ಕಿಲೋಗೆ ಸಮ ಅನ್ನೋ ಲೆಕ್ಕ ಅದರಲ್ಲಿತ್ತು. ಆದ್ರೆ ಆ ಲೆಕ್ಕವನ್ನ ತಾಳೆ ನೋಡಿದವರು ಯಾರು? ಜನ ನೋಡಿದ್ದು ಲಲಿತಾಜಿಯ ಮುಖ. ಇಷ್ಟು ಬಿಗಿ ಹೆಂಗಸಿಗೆ ಯಾರೂ ಮೋಸ ಮಾಡೋಕಾಗಲ್ಲ, ಅಂಥವಳೇ ದುಬಾರಿ ಪುಡಿ ತಗೊಂಡ್ರೆ ಅದರಲ್ಲಿ ಏನೋ ಇರಬೇಕು. ಅಲ್ಲಿವರೆಗೆ ಸರ್ಫ್ ಕೊಳ್ಳೋದು ದುಂದು, ನಿರ್ಮಾ ಕೊಳ್ಳೋದು ಜಾಣತನ. ಲಲಿತಾಜಿ ಅದನ್ನ ತಿರುಗಿಸಿಬಿಟ್ರು. ಪುಡಿ ಅದೇ, ಬೆಲೆ ಅದೇ. ಕೊಳ್ಳೋಳು ತನ್ನನ್ನ ತಾನು ಹೇಗೆ ನೋಡ್ಕೋತಾಳೆ ಅನ್ನೋದು ಮಾತ್ರ ಬದಲಾಯ್ತು. ಪೆಟ್ಟಿ ಮತ್ತು ಕಾಸಿಯೊಪ್ಪೊ ಅನ್ನೋ ಇಬ್ಬರು ಎಂಬತ್ತರ ದಶಕದಲ್ಲಿ ಇದಕ್ಕೇ ಎರಡು ದಾರಿ ಅಂದಿದ್ರು. ಸಮಯ ಮತ್ತು ಆಸಕ್ತಿ ಇದ್ದಾಗ ನಾವು ವಾದವನ್ನ ತೂಗ್ತೀವಿ. ಇಲ್ಲದಾಗ ಹೇಳೋರ ಮುಖ, ದನಿ, ಬಣ್ಣ ನೋಡಿ ತೀರ್ಮಾನ ಮಾಡ್ತೀವಿ. ಲಲಿತಾಜಿ ಎರಡನೇ ದಾರಿಯಲ್ಲಿ ಬಂದು ಮೊದಲನೇ ದಾರಿಯ ವೇಷ ಹಾಕಿದ್ರು.

ನಮ್ಮ ಅಂಗಡಿಯಲ್ಲಿ ಏನಾಯ್ತು ಅಂದ್ರೆ, ಟೀಚರಮ್ಮ, ಬ್ಯಾಂಕಿನವರ ಮನೆಯವರು ಸರ್ಫ್‌ಗೆ ಬಂದ್ರು. ಉಳಿದವರು ನಿರ್ಮಾ ಬಿಡಲಿಲ್ಲ. ಜಾಹೀರಾತು ಏನು ಬೇಕಾದ್ರೂ ಮಾಡಿಸುತ್ತೆ ಅನ್ನೋದು ಜಾಹೀರಾತಿನವರೇ ಹಬ್ಬಿಸಿದ ಜಾಹೀರಾತು. ಕೊನೆಗೆ ಸರ್ಫ್ ಕಂಪನಿಯೂ ನಿರ್ಮಾಗೆ ಎದುರಾಗಿ ಕಡಿಮೆ ಬೆಲೆಯ ವೀಲ್ ತರಬೇಕಾಯ್ತು.

ಇನ್ನೊಂದು ನೆನಪು ಶಾಂಪೂ ಸ್ಯಾಚೆಗಳದ್ದು. ಮಾಲೆ ಮಾಲೆಯಾಗಿ ಅಂಗಡಿ ಮುಂದೆ ತೂಗಾಡ್ತಿದ್ವು. ತಮಿಳುನಾಡಿನ ಕಡಲೂರಿನ ಸಿ.ಕೆ. ರಂಗನಾಥನ್ 1983ರಲ್ಲಿ ಶುರು ಮಾಡಿದ ಚಿಕ್ ಶಾಂಪೂ ಕಥೆ ಮಾರ್ಕೆಟಿಂಗ್ ಓದಿದವರಿಗೆಲ್ಲ ಗೊತ್ತು. ಹಳ್ಳಿಗಳಿಗೆ ಹೋಗಿ ಹುಡುಗರಿಗೆ ಅಲ್ಲೇ ತಲೆಸ್ನಾನ ಮಾಡಿಸಿ, ಕೂದಲು ಮುಟ್ಟಿ ನೋಡಿ ಅಂತಿದ್ರಂತೆ. ಯಾವ ಕಂಪನಿಯದ್ದೇ ಆಗ್ಲಿ ಖಾಲಿ ಸ್ಯಾಚೆ ತಂದು ಕೊಟ್ರೆ ಚಿಕ್ ಒಂದು ಉಚಿತ. ಸ್ವಲ್ಪ ದಿನ ಆದ್ಮೇಲೆ, ಚಿಕ್‌ನ ಖಾಲಿ ಸ್ಯಾಚೆಗೆ ಮಾತ್ರ ಚಿಕ್. ಇಲ್ಲಿ ಕ್ರಮ ಪೂರ್ತಿ ಉಲ್ಟಾ: ಮೊದಲು ಕೈ, ಆಮೇಲೆ ಮನಸ್ಸು. "ನಾನು ಇದನ್ನೇ ಹಾಕ್ತೀನಲ್ಲ, ಅಂದ್ಮೇಲೆ ನನಗೆ ಇಷ್ಟವೇ ಇರಬೇಕು." ನಮ್ಮ ಫೋನಿನಲ್ಲಿ ಬರೋ "ಮೊದಲ ತಿಂಗಳು ಉಚಿತ" ಈ ಖಾಲಿ ಸ್ಯಾಚೆಯ ಮೊಮ್ಮಗ.

ಈಗ ಗಡಿಯಾರಕ್ಕೆ ಬರ್ತೀನಿ.

1975ರಲ್ಲಿ ಅಮೆರಿಕದಲ್ಲಿ ಸ್ಟೀಫನ್ ವರ್ಚೆಲ್ ಮತ್ತು ಜೊತೆಯವರು ಮಾಡಿದ ಪ್ರಯೋಗ. ಒಂದಿಷ್ಟು ವಿದ್ಯಾರ್ಥಿಗಳಿಗೆ ಹತ್ತು ಬಿಸ್ಕತ್ ಇರೋ ಜಾಡಿಯಿಂದ ತಿನ್ನೋಕೆ ಕೊಟ್ರು, ಇನ್ನೊಂದಿಷ್ಟು ಜನಕ್ಕೆ ಎರಡೇ ಇರೋ ಜಾಡಿಯಿಂದ. ಬಿಸ್ಕತ್ ಒಂದೇ. ಎರಡಿರೋ ಜಾಡಿಯವರು ಅದಕ್ಕೆ ಹೆಚ್ಚು ಬೆಲೆ ಕಟ್ಟಿದ್ರು, ಹೆಚ್ಚು ಬೇಕು ಅಂದ್ರು. ರುಚಿ ಜಾಸ್ತಿ ಇದೆ ಅಂತ ಮಾತ್ರ ಹೇಳಲಿಲ್ಲ! ಬೇಕು ಅನ್ನಿಸೋಕೆ ಚೆನ್ನಾಗಿದೆ ಅನ್ನಿಸಬೇಕಾಗಿಲ್ಲ. ನಮ್ಮ ಟೀಮಿನಲ್ಲಿ ಈ ಪ್ರಯೋಗದ ಹೆಸರು ಯಾರಿಗೂ ಗೊತ್ತಿರಲಿಲ್ಲ, ಆದ್ರೆ ಇದರ ಮೇಲೇ ಮನೆ ಕಟ್ಟಿದ್ವಿ. ಅರ್ಧ ಜನಕ್ಕೆ ಗಡಿಯಾರ ತೋರಿಸೋದು, ಅರ್ಧ ಜನಕ್ಕೆ ತೋರಿಸದೇ ಇರೋದು, ಯಾರು ಹೆಚ್ಚು ಕೊಳ್ತಾರೆ ನೋಡೋದು. ಪ್ರತಿ ಸಲ ಗಡಿಯಾರವೇ ಗೆಲ್ತಿತ್ತು. ಪೇಜ್ ರಿಫ್ರೆಶ್ ಮಾಡಿದ್ರೆ ಗಡಿಯಾರ ಮತ್ತೆ ಮೊದಲಿಂದ ಶುರು. ಹಾಗೆ ಕೋಡ್ ಬರೆದವನು ನಾನೇ. ನಾಲ್ಕು ಸಾಲು ಇರಬಹುದು. ಆ ಕ್ವಾರ್ಟರ್‌ನಲ್ಲಿ ಒಳ್ಳೇ ರೇಟಿಂಗೂ ಬಂತು.

ಅಂಗಡಿಗೂ ಇದಕ್ಕೂ ವ್ಯತ್ಯಾಸ ಏನು ಅಂತ ನಾನು ಬಹಳ ಯೋಚಿಸಿದೆ. ಅಪ್ಪನೂ ಗಿರಾಕಿಗೆ "ಬೆಲ್ಲ ಇಷ್ಟೇ ಉಳಿದೈತಿ" ಅಂತಿದ್ರು. ಕೆಲವು ಸಲ ಒಳಗೆ ಇನ್ನೊಂದು ಪೆಂಟೆ ಇರ್ತಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಗಿರಾಕಿ ನಾಳೆ ಮತ್ತೆ ಬರ್ತಾಳೆ, ಉದ್ರಿ ಪುಸ್ತಕದಲ್ಲಿ ಅವಳ ಹೆಸರಿದೆ, ಬೆಲ್ಲದಲ್ಲಿ ಮಣ್ಣಿದ್ರೆ ಬೀದಿಗೆಲ್ಲ ಹೇಳ್ತಾಳೆ. ಸುಳ್ಳಿಗೆ ಅಲ್ಲೊಂದು ಕಡಿವಾಣ ಇತ್ತು. ಸೇಲ್ಸ್‌ಮನ್‌ಗೆ "ನಾಳೆ ಬಾ" ಅನ್ನೋಕೆ ಅಪ್ಪನಿಗೆ ಆಗ್ತಿದ್ದದ್ದು ಅವನ ಮುಖ ಓದ್ತಿದ್ರಿಂದ. ಗಡಿಯಾರಕ್ಕೆ ಮುಖ ಇಲ್ಲ. ಪರದೆ ಮೇಲೆ ಅಂಕಿ ಓಡ್ತಿದ್ರೆ ಅಪ್ಪನ ಪ್ರಕಾರ ಅದು ತಕ್ಕಡಿ ಇದ್ದ ಹಾಗೆ, ಮಷಿನ್ನು ಯಾಕೆ ಸುಳ್ಳು ಹೇಳುತ್ತೆ?

ಇನ್ನೂ ಒಂದಿದೆ. ಎರಡು ತಿಂಗಳು ಅಪ್ಪ ಆ ಮಷಿನ್ನನ್ನ ಸಮರ್ಥಿಸಿಕೊಂಡ್ರು. ಅಮ್ಮನ ಕಾಲೇ ಊದಿದೆ, ಮಷಿನ್ ಸರಿಯಿದೆ ಅಂತ. ನಮ್ಮ ಕಾಕಾಗೂ ಒಂದು ತಗೋ ಅಂತ ಹೇಳಿದ್ರಂತೆ! ಲಿಯೋನ್ ಫೆಸ್ಟಿಂಜರ್ ಅನ್ನೋ ಮನಶ್ಶಾಸ್ತ್ರಜ್ಞ 1957ರಲ್ಲಿ ಬರೆದದ್ದು ಇದನ್ನೇ. ನಾನು ಜಾಣ, ನಾನು ದಡ್ಡತನ ಮಾಡಿದೆ, ಈ ಎರಡು ಮಾತು ಒಂದೇ ತಲೆಯಲ್ಲಿ ಕೂರೋದು ಕಷ್ಟ, ಹಾಗಾಗಿ ದಡ್ಡತನಕ್ಕೆ ಬೇರೆ ಹೆಸರಿಡ್ತೀವಿ. ಅದೇ ವರ್ಷ ಬಂದ ಒಂದು ಅಧ್ಯಯನದಲ್ಲಿ, ಹೊಸ ಕಾರು ಕೊಂಡವರು ತಾವು ಆಗಲೇ ಕೊಂಡ ಕಾರಿನ ಜಾಹೀರಾತನ್ನೇ ಹೆಚ್ಚು ಓದ್ತಿದ್ದದ್ದು ಕಂಡುಬಂತು. ನಗಬೇಡಿ. ಕಟ್ಟುತ್ತಿರೋ ಬಿಲ್ಡಿಂಗಿನಲ್ಲಿ ಫ್ಲಾಟ್ ಬುಕ್ ಮಾಡಿರೋರು ನಮ್ಮಲ್ಲಿ ಎಷ್ಟು ಜನ ಇದ್ದೀರಿ? ಆ ಬ್ರೋಷರ್‌ನ ಎಷ್ಟು ಸಲ ತೆಗೆದು ನೋಡಿದ್ದೀರಿ?

ನಾನೂ ಸಾಚಾ ಅಲ್ಲ. ಕುಕಟ್‌ಪಲ್ಲಿಯ ನಮ್ಮ ಅಂಗಡಿಯಲ್ಲಿ ಯೋಚನೆಯೇ ಮಾಡದೆ ಕೈ ಹೋಗೋದು ಮೈಸೂರ್ ಸ್ಯಾಂಡಲ್ ಸೋಪಿಗೆ. ಊರಲ್ಲಿದ್ದಾಗ ಅದನ್ನ ಹಚ್ಚಿದವನೇ ಅಲ್ಲ. ಪೆಟ್ಟಿಗೆ ಮೇಲಿನ ಆನೆ ತಲೆ, ಸಿಂಹದ ಮೈಯ ಶರಭ ನೋಡಿದ್ರೆ ಊರಿನವರು ಯಾರೋ ಸಿಕ್ಕ ಹಾಗಾಗುತ್ತೆ. ತಮಾಷೆ ಅಂದ್ರೆ ಆ ಅಂಗಡಿಯ ತೆಲುಗು ಅಜ್ಜಿ ಅದು ತಮ್ಮದೇ ಸೋಪು ಅಂದ್ಕೊಂಡಿದ್ದಾರೆ, ಅವರ ಅಮ್ಮನ ಕಾಲದಿಂದ ಮನೆಯಲ್ಲಿ ಅದೇ ಅಂತೆ.

2023ರ ನವೆಂಬರ್ 30ಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, 'ಡಾರ್ಕ್ ಪ್ಯಾಟರ್ನ್' ತಡೆಯೋ ಮಾರ್ಗಸೂಚಿ ತಂತು. 13 ಬಗೆ ಪಟ್ಟಿ ಮಾಡಿದ್ದಾರೆ. ಮೊದಲನೇದೇ ಸುಳ್ಳು ಅವಸರ ಹುಟ್ಟಿಸೋದು, ಅಂದ್ರೆ ನನ್ನ ಗಡಿಯಾರ. ಕೇಳದೆ ಬುಟ್ಟಿಗೆ ಏನಾದ್ರೂ ಸೇರಿಸೋದು, "ಬೇಡ" ಅಂದ್ರೆ ನಾಚಿಕೆ ಆಗೋ ಹಾಗೆ ಬರೆಯೋದು, ಚಂದಾ ರದ್ದು ಮಾಡೋ ದಾರಿ ಬಚ್ಚಿಡೋದು, ಎಲ್ಲಾ ಅದರಲ್ಲಿದೆ. ದೂರು ಕೊಡೋಕೆ 1915ಕ್ಕೆ ಫೋನ್ ಮಾಡಬಹುದು. ಅಪ್ಪನ ಕಡೆಯಿಂದ ನಾನು ಮಾಡಿದೆ. ಹಣ ಅರ್ಧ ಬಂತು.

ಆಮೇಲೆ ಆಫೀಸಿನಲ್ಲಿ ಆ ಮಾರ್ಗಸೂಚಿಯನ್ನ ಮೀಟಿಂಗ್‌ನಲ್ಲಿ ತೆಗೆದೆ. ನೀತಿ ಮಾತು ಆಡಲಿಲ್ಲ, ನಡೆಯಲ್ಲ ಅಂತ ಗೊತ್ತಿತ್ತು. ಗಡಿಯಾರ ನೋಡಿ ಕೊಂಡವರೇ ಹೆಚ್ಚು ವಾಪಸ್ ಮಾಡ್ತಿದ್ದಾರೆ ಅಂತ ನಮ್ಮದೇ ಡೇಟಾ ತೋರಿಸಿದೆ. ಮ್ಯಾನೇಜರ್ ಸುಮಾರು ಹೊತ್ತು ಸುಮ್ಮನಿದ್ದು, ಆಫರ್ ನಿಜವಾಗ್ಲೂ ಮುಗಿಯೋ ಸಮಯ ಇದ್ರೆ ಮಾತ್ರ ಗಡಿಯಾರ ತೋರಿಸೋಣ ಅಂದ್ರು. ನಾಲ್ಕು ಸಾಲು ಅಳಿಸಿದೆ. "ಈಗ ಇಷ್ಟು ಜನ ಇದನ್ನ ನೋಡ್ತಿದ್ದಾರೆ" ಅನ್ನೋ ಸಾಲು ಬೇರೆ ಟೀಮಿಂದು, ಅದು ಇವತ್ತಿಗೂ ಇದೆ.

ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಆ ಗಡಿಯಾರದಂಥದ್ದನ್ನ ನಾನೂ ಮಾಡಿದ್ದೆ ಅಂತ ಹೇಳೋಕೆ ಎರಡು ದಿನ ಬೇಕಾಯ್ತು. ಅವರು ಕೇಳಿಸಿಕೊಂಡು, ಸಿಟ್ಟಾಗ್ತಾರೇನೋ ಅಂತ ನಾನು ನೋಡ್ತಿದ್ರೆ, "ಪಗಾರ ಅದಕ್ಕ ಕೊಡತಿದ್ರೇನು?" ಅಂದ್ರು. ಹೂಂ ಅಂದೆ. ಮಷಿನ್ನು ಮಂಚದ ಕೆಳಗಿತ್ತು. ಅಮ್ಮ ಅದರೊಳಗೆ ಉಳ್ಳಾಗಡ್ಡಿ ತುಂಬಿಟ್ಟಿದ್ರು, ಕಾಲಿಡೋ ಎರಡೂ ಗುಂಡಿಯಲ್ಲಿ.